ಕಿಟಕಿ ನೋಡಿ ಮರಿ ಕೊಡುವವರು: ಥಾಣೆ ಕಡೆಯ ಒಂದು ಬೆಕ್ಕಿನ ಆಶ್ರಯಧಾಮ

ಬೆಕ್ಕಿನ ಮರಿ ತರೋಣವೆಂದು ಇಲ್ಲಿಗೆ ಹೋದವರು ಮೊದಲ ದಿನ ಬರಿಗೈಯಲ್ಲೇ ವಾಪಸಾಗಬೇಕು. ದತ್ತು ಅರ್ಜಿಯ ಫಾರ್ಮಿನ ಜೊತೆಗೆ ಮನೆಯ ಕಿಟಕಿ, ಬಾಲ್ಕನಿಗಳ ವಿಡಿಯೊ ಕೇಳುತ್ತಾರೆ. ಇದಕ್ಕೆ ಗೊಣಗುವವರು ಬಹಳ. ಆದರೆ ಇಡೀ ಸೇವೆಯಲ್ಲಿ ಹೆಚ್ಚು ಅಂಕ ಕೊಡಬೇಕಾದ್ದು ಇದಕ್ಕೇ. ಗ್ರಿಲ್ಲಿನ ಸಂದಿಯಲ್ಲಿ ತಲೆ ತೂರಿತೆಂದರೆ ಎರಡು ತಿಂಗಳ ಮರಿಯ ಮೈಯೂ ತೂರುತ್ತದೆ. ಪಾರಿವಾಳಕ್ಕೆಂದು ಕಟ್ಟಿಸಿದ ನೈಲಾನ್ ಬಲೆ ಇದೆಯಲ್ಲ ಎಂದರೆ ಒಪ್ಪುವುದಿಲ್ಲ, ಅದು ಸರಿಯೇ. ಮರಿ ಬಲೆ ಹತ್ತುತ್ತದೆ, ಕಡಿಯುತ್ತದೆ. ಬಿಸಿಲಿಗೆ ಒಣಗಿದ ದಾರ ಒಂದು ಕಡೆ ಬಿಟ್ಟರೂ ಸಾಕು. ಒಂದಿಂಚಿಗಿಂತ ಸಣ್ಣ ಕಣ್ಣಿನ ತಂತಿ ಜಾಲರಿಯನ್ನು ಗ್ರಿಲ್ಲಿಗೆ ಒಳಗಿನಿಂದ ಬಿಗಿಸಬೇಕು.

ಆಟವಾಡುವ ಮರಿಯೇ ಬೇಕೆಂದರೆ ಪಂಜರದ ಮುಂದೆ ನಿಲ್ಲಿಸಿ ತೋರಿಸುವುದಿಲ್ಲ, ಸಣ್ಣ ಕೋಣೆಯೊಂದರಲ್ಲಿ ನೆಲದ ಮೇಲೆ ಕೂರಿಸುತ್ತಾರೆ. ಒಂದು ಹದಿನೈದು ನಿಮಿಷ ಸುಮ್ಮನೆ ಕೂತು, ಒಂದು ದಾರವನ್ನು ನಿಧಾನಕ್ಕೆ ಎಳೆಯಿರಿ. ಮೊದಲು ಹಿಂಜರಿದರೂ ಆಮೇಲೆ ಸೊಂಟ ಅಲ್ಲಾಡಿಸಿ ಹಾರುವ ಮರಿ ಒಳ್ಳೆಯದು. ಎತ್ತಿಕೊಂಡರೆ ಅರಿವೆಯಂತೆ ಜೋತು ಬೀಳುವ ಮರಿಯನ್ನು ‘ಎಷ್ಟು ಸಾಧು’ ಎಂದುಕೊಳ್ಳಬೇಡಿ, ಜ್ವರವಿರಬಹುದು. ಕಿವಿಯೊಳಗೆ ಕಾಫಿಪುಡಿಯಂಥ ಕಪ್ಪು ಕೊಳೆ ಇದ್ದರೆ ಕಿವಿಯ ಹುಳ. ಮೈ ಸಣಕಲಾಗಿ ಹೊಟ್ಟೆ ಮಾತ್ರ ಗುಡಾಣವಾಗಿದ್ದರೆ ಜಂತು. ಇವೆರಡಕ್ಕೂ ಮದ್ದು ಸುಲಭ. ಕಿವಿಯಂಚಿನಲ್ಲೋ ಮೂಗಿನ ಮೇಲೋ ದುಂಡಗೆ ಕೂದಲು ಉದುರಿದ್ದರೆ ಮಾತ್ರ ವಾಸಿಯಾಗುವವರೆಗೆ ಕಾಯಿರಿ. ಅದು ಹುಳುಕಡ್ಡಿ, ಮನೆ ಮಕ್ಕಳಿಗೂ ಅಂಟುತ್ತದೆ. ತೂಕ ಮಾಡಿಸಿ: ಎಂಟು ವಾರದ ಮರಿ ಸುಮಾರು 700ರಿಂದ 900 ಗ್ರಾಂ ಇರಬೇಕು.

ಒಡಹುಟ್ಟಿದ ಎರಡನ್ನೂ ಒಯ್ಯಿರಿ ಎಂದು ಒತ್ತಾಯ ಮಾಡುತ್ತಾರೆ. ಸಾಗಹಾಕುವ ಉಪಾಯವಲ್ಲ ಅದು. ಎಷ್ಟು ಜೋರಾಗಿ ಕಚ್ಚಿದರೆ ನೋಯುತ್ತದೆ ಎಂಬುದನ್ನು ಮರಿ ಕಲಿಯುವುದು ಇನ್ನೊಂದು ಮರಿಯ ಹತ್ತಿರ. ಒಂದನ್ನೇ ತಂದು ಬೆರಳಾಡಿಸಿ ಆಡಿಸಿದರೆ ಆರು ತಿಂಗಳಿಗೆ ಕೈ ತುಂಬ ಗೀರು ಗ್ಯಾರಂಟಿ. ಕೋಲಿಗೆ ಗರಿ ಕಟ್ಟಿ, ದಿನಕ್ಕೆ ಮೂರು ಸಲ ಹತ್ತು ಹತ್ತು ನಿಮಿಷ ಆಡಿಸಿ, ಕೊನೆಗೆ ಗರಿ ಹಿಡಿಯಲು ಬಿಟ್ಟು ಊಟ ಹಾಕಿ.

ದೂರು ಇರುವುದು ಲಸಿಕೆ ಕಾರ್ಡಿನ ಬಗ್ಗೆ. ಬಾಲ್‌ಪೆನ್ನಿನಲ್ಲಿ ತಾರೀಕು ಗೀಚಿರುತ್ತದೆ, ಸೀಸೆಯ ಸ್ಟಿಕ್ಕರ್ ಇರುವುದಿಲ್ಲ. ಸ್ಟಿಕ್ಕರ್ ಇಲ್ಲದಿದ್ದರೆ ಡಾಕ್ಟರು ಲೆಕ್ಕವನ್ನು ಮೊದಲಿನಿಂದ ಶುರುಮಾಡಬಹುದು. ಬೆಕ್ಕಿನ ಮೂರು ವೈರಸ್ ರೋಗಗಳನ್ನು ತಡೆಯುವ ಟ್ರೈಕ್ಯಾಟ್ ಲಸಿಕೆಯನ್ನು ಮರಿಗೆ ಎಂಟು ವಾರವಾದಾಗ ಮೊದಲ ಸಲ ಹಾಕಿ, ಆಮೇಲೆ ಮೂರು-ನಾಲ್ಕು ವಾರಕ್ಕೊಂದರಂತೆ 16 ವಾರದವರೆಗೆ ಮುಂದುವರಿಸಬೇಕು. ರೇಬೀಸ್ ಲಸಿಕೆ 12 ವಾರ ತುಂಬಿದ ಮೇಲೆ. ಒಂದೇ ಚುಚ್ಚಿಗೆ ‘ಲಸಿಕೆ ಆಗಿದೆ’ ಎಂದು ನಂಬಿದರೆ ಕೆಟ್ಟಿರಿ. ಪ್ಯಾನ್‌ಲ್ಯೂಕೋಪೀನಿಯಾ ಎಂಬ ಮಾರಕ ವೈರಸ್ ರೋಗ ತಗುಲಿದ ಮರಿ ಇವತ್ತು ಕುಣಿದು, ನಾಲ್ಕನೇ ದಿನ ವಾಂತಿ ಮಾಡಿಕೊಂಡು ಬಿದ್ದುಬಿಡಬಹುದು. ಮನೆಯಲ್ಲಿ ಬೇರೆ ಬೆಕ್ಕಿದ್ದರೆ ಎರಡು ವಾರ ಪ್ರತ್ಯೇಕ ಕೋಣೆ, ಮಲಮೂತ್ರಕ್ಕೆ ಪ್ರತ್ಯೇಕ ಟ್ರೇ.

ನೆಲ ಒರೆಸುವಾಗ ಫಿನಾಯಿಲ್ ಬೇಡವೇ ಬೇಡ. ಬೆಕ್ಕು ಕಾಲು ನೆಕ್ಕುತ್ತದೆ, ಅದರ ಪಿತ್ತಜನಕಾಂಗಕ್ಕೆ ಆ ವಿಷವನ್ನು ಅರಗಿಸುವ ಶಕ್ತಿ ಇಲ್ಲ. ಜ್ವರವೆಂದು ಪ್ಯಾರಾಸಿಟಮಾಲ್ ಚೂರು ಕೊಟ್ಟರೆ ಜೀವವೇ ಹೋದೀತು. ರೋಗಾಣುವಿನ ಭಯವಿದ್ದರೆ ಒಂದು ಪಾಲು ಬ್ಲೀಚಿಗೆ 32 ಪಾಲು ನೀರು ಬೆರೆಸಿ ಒರೆಸಿ, ಹತ್ತು ನಿಮಿಷ ಬಿಟ್ಟು ಬರೀ ನೀರಿನಿಂದ ತೊಳೆಯಿರಿ. ನೆಲ ಒಣಗುವವರೆಗೆ ಮರಿ ಬೇರೆ ಕೋಣೆಯಲ್ಲಿರಲಿ.

ಹೊರಡುವಾಗ, ಮರಿ ತಿಂದು ಅಭ್ಯಾಸವಾದ ಒಣ ಆಹಾರವನ್ನು ವಾರಕ್ಕಾಗುವಷ್ಟು ಕಟ್ಟಿಕೊಡುತ್ತಾರೆ. ಸಣ್ಣ ವಿಷಯ, ಆದರೆ ಜಾಣತನ. ಹೊಸದನ್ನು ಇದರೊಂದಿಗೆ ಏಳು ದಿನ ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಹೋಗಿ, ಇಲ್ಲದಿದ್ದರೆ ಭೇದಿ. ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ ಊಟ. ನಮ್ಮ ಮನೆಗಳ ಹಾಲನ್ನ ಅದಕ್ಕೆ ಒಗ್ಗುವುದು ಕಡಿಮೆ. ಮೀನು ಸಾರಿನ ಅನ್ನವಂತೂ ಬೇಡ, ನೀರುಳ್ಳಿ ಬೆಳ್ಳುಳ್ಳಿ ಎರಡೂ ಬೆಕ್ಕಿನ ರಕ್ತಕಣ ಒಡೆಯುತ್ತವೆ. ಬಂಗುಡೆ ಕೊಡಲೇಬೇಕೆನಿಸಿದರೆ ಉಪ್ಪಿಲ್ಲದೆ ಬೇಯಿಸಿ, ಮುಳ್ಳು ತೆಗೆದು, ಯಾವಾಗಲೋ ಒಂದು ಚೂರು.

ಐದಕ್ಕೆ ನಾಲ್ಕು. ಕಳೆದ ಒಂದು ಅಂಕ ಆ ಸ್ಟಿಕ್ಕರಿನದು. ಐದು ತಿಂಗಳಾಗುತ್ತಲೇ ಸಂತಾನಹರಣ ಆಪರೇಷನ್ ನೆನಪಿಸಿ ಫೋನು ಬರುತ್ತದೆ. ಎತ್ತದಿದ್ದರೆ ಮತ್ತೆ ಮಾಡುತ್ತಾರೆ.