1 ಕೋಟಿಗೆಂದು ಏಳು ಮನೆಯವರು ಕೂಡಿ ಹಾಕಿದ ಹಣ

ಮುಂಬೈ ಬಳಿಯ ಡೊಂಬಿವಲಿಯ ಏಳು ಕನ್ನಡ ಕುಟುಂಬಗಳು ತಲಾ 15 ಲಕ್ಷ ಕೊಟ್ಟು ಈಗ ಕೈ ಹಿಸುಕಿಕೊಳ್ಳುತ್ತಿವೆ. ಕೇಳಿದವನು ಊರ ಕಡೆಯ ಹುಡುಗನೇ. 'ಅಣ್ಣ, ಈ ಫಂಡಿಗೆ ಕನಿಷ್ಠ 1 ಕೋಟಿ ಬೇಕು. ಏಳು ಮಂದಿ ಸೇರಿದರೆ ಆಯ್ತಲ್ಲ, ಹೆಸರು ನನ್ನದಿರಲಿ, ಪಾಲು ನಿಮ್ಮದೇ' ಎಂದ. 500 ರೂಪಾಯಿಯ ಸ್ಟ್ಯಾಂಪ್ ಪೇಪರಿನಲ್ಲಿ ಕರಾರೂ ಆಯಿತು. ಮಗಳ ಮದುವೆಗೆ ದುಡ್ಡು ಬೇಕಾಗಿ ಒಬ್ಬರು ಫಂಡಿನ ಕಚೇರಿಗೇ ಹೋದಾಗ ಸಿಕ್ಕ ಉತ್ತರ: ನಿಮ್ಮ ಪ್ಯಾನ್ ಮೇಲೆ ಇಲ್ಲಿ ಯಾವ ಯೂನಿಟ್ಟೂ (ಫಂಡಿನ ಪಾಲು) ಇಲ್ಲ.

ಫಂಡ್ ಹೇಳಿದ್ದು ಸರಿ. ಷೇರುಪೇಟೆಯ ನಿಯಂತ್ರಕ ಸೆಬಿಯಲ್ಲಿ ನೋಂದಾಯಿತ ಆಲ್ಟರ್ನೇಟಿವ್ ಇನ್ವೆಸ್ಟ್‌ಮೆಂಟ್ ಫಂಡಿಗೆ (ಎಐಎಫ್, ಅಂದರೆ ಹೂಡಿಕೆದಾರರಿಂದ ಖಾಸಗಿಯಾಗಿ ಹಣ ಕೂಡಿಸಿ ಹೂಡುವ ನಿಧಿ) ಸಾಮಾನ್ಯ ಹೂಡಿಕೆದಾರ ಒಬ್ಬೊಬ್ಬನೇ ಕನಿಷ್ಠ 1 ಕೋಟಿ ಹಾಕಬೇಕು. ಜಂಟಿಯಾಗಿ ಹಾಕುವುದಾದರೆ ಇಬ್ಬರೇ, ಅದೂ ಗಂಡ ಹೆಂಡತಿ ಅಥವಾ ಹೆತ್ತವರು ಮಕ್ಕಳು. ಹಣ ಸುಲಭವಾಗಿ ಮುಳುಗಬಹುದು, ಬೇಕೆಂದಾಗ ಹಿಂದಕ್ಕೆ ಬರುವುದಿಲ್ಲ (ಎಐಎಫ್‌ಗಳ ಮೂರು ವರ್ಗಗಳಲ್ಲಿ ಮೊದಲೆರಡರ ಅವಧಿಯೇ ಕನಿಷ್ಠ 3 ವರ್ಷ); ಆ ಪೆಟ್ಟು ತಾಳುವವರಿಗೆಂದೇ ಈ ಮಿತಿ. ಏಳು ಜನ ಸೇರಿ ಅದನ್ನು ದಾಟಿದರೆ ಕಾನೂನಿನ ಕಣ್ಣಿಗೆ ಹೂಡಿಕೆದಾರ ಒಬ್ಬನೇ. ಉಳಿದವರು ಅವನಿಗೆ ಸಾಲ ಕೊಟ್ಟವರಂತೆ.

ಇನ್ನೊಂದು ಬಲೆ 'ಅಕ್ರೆಡಿಟೆಡ್ ಇನ್ವೆಸ್ಟರ್ ಮಾಡಿಸಿಕೊಡುತ್ತೇವೆ' ಎನ್ನುವುದು. ಸಿರಿವಂತನೆಂಬ ಪ್ರಮಾಣಪತ್ರ ಪಡೆದ ಇಂಥ ಹೂಡಿಕೆದಾರನಿಗೆ ಆ 1 ಕೋಟಿಯ ಮಿತಿ ಇಲ್ಲ. ಆದರೆ ಅದಕ್ಕೆ ವ್ಯಕ್ತಿಗೆ ವರ್ಷಕ್ಕೆ 2 ಕೋಟಿ ಆದಾಯವಿರಬೇಕು, ಇಲ್ಲವೇ 7.5 ಕೋಟಿ ನಿವ್ವಳ ಆಸ್ತಿ, ಅದರಲ್ಲಿ 3.75 ಕೋಟಿ ಷೇರು, ಎಫ್‌ಡಿಯಂಥ ಹಣಕಾಸು ಆಸ್ತಿ. ಅಥವಾ 1 ಕೋಟಿ ಆದಾಯದ ಜೊತೆ 5 ಕೋಟಿ ಆಸ್ತಿ, ಅದರ ಅರ್ಧ ಹಣಕಾಸು ರೂಪದಲ್ಲಿ. ವಾಸದ ಮನೆ ಈ ಲೆಕ್ಕಕ್ಕೆ ಸೇರದು. ಮಾಟುಂಗದ ಹಳೇ ಫ್ಲ್ಯಾಟಿಗೆ 4 ಕೋಟಿ ಬೆಲೆ ಬಂದಿದೆ ಎಂದು ಹಿಗ್ಗುವ ಹಿರಿಯರು ಎಡವುವುದು ಇಲ್ಲೇ. ಪ್ರಮಾಣಪತ್ರ ಕೊಡುವುದು ಸೆಬಿ ಒಪ್ಪಿದ ಏಜೆನ್ಸಿ ಮಾತ್ರ, ದಲ್ಲಾಳಿಯಲ್ಲ.

ಕಂಪನಿಯೇ ನೇರವಾಗಿ ಖಾಸಗಿಯಾಗಿ ಷೇರು ಕೊಡುತ್ತೇನೆಂದರೆ ಕಂಪನಿ ಕಾಯ್ದೆಯ 42ನೇ ಕಲಂ ನೋಡಿ. ಒಂದು ಬಗೆಯ ಷೇರನ್ನು ಹಣಕಾಸು ವರ್ಷಕ್ಕೆ 200 ಜನರಿಗಷ್ಟೇ ನೀಡಬಹುದು. ಬ್ಯಾಂಕಿನಂಥ ಅರ್ಹ ಹಣಕಾಸು ಸಂಸ್ಥೆಗಳು, ನೌಕರರ ಷೇರು ಯೋಜನೆಯಲ್ಲಿ ಷೇರು ಪಡೆಯುವವರು ಆ ಲೆಕ್ಕದಿಂದ ಹೊರಗೆ. ಜಾಹೀರಾತು ಕೂಡದು. ಷೇರು ಕೊಡುಗೆಯ ಪಿಎಎಸ್-4 ಎಂಬ ಪತ್ರ ನಿಮ್ಮ ಹೆಸರಿಗೇ, ಕ್ರಮಸಂಖ್ಯೆಯೊಡನೆ ಬರಬೇಕು. ವಾಟ್ಸಾಪ್‌ನಲ್ಲಿ ಗುಂಪಿನಿಂದ ಗುಂಪಿಗೆ ಓಡಾಡುವ ಪಿಡಿಎಫ್ ನಿಮಗೆ ಬಂದ ಕೊಡುಗೆಯೇ ಅಲ್ಲ. ನಗದು ಕೊಡುವಂತಿಲ್ಲ, ನಿಮ್ಮ ಖಾತೆಯಿಂದಲೇ ಹೋಗಬೇಕು. 60 ದಿನದಲ್ಲಿ ಷೇರು ಬರದಿದ್ದರೆ ಮುಂದಿನ 15 ದಿನದಲ್ಲಿ ಹಣ ವಾಪಸಾಗಬೇಕು, ತಪ್ಪಿದರೆ 12% ಬಡ್ಡಿ. ಖಾಸಗಿ ಹಂಚಿಕೆಯೆಂಬ ಹೆಸರಲ್ಲಿ ಊರೆಲ್ಲ ಹಣ ಎತ್ತಿದ ಸಹಾರಾದ ಎರಡು ಕಂಪನಿಗಳಿಗೆ 15% ಬಡ್ಡಿಯೊಡನೆ ಮರಳಿಸಲು 2012ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಹಣ ಕೊಡುವ ಮುನ್ನ ಫಂಡಿನ ನೋಂದಣಿ ಸಂಖ್ಯೆಯನ್ನು ಸೆಬಿ ಜಾಲತಾಣದಲ್ಲಿ ನೋಡಿ. ಆಮೇಲೆ ಕೆವೈಸಿ, ಒಪ್ಪಂದ, ಯೂನಿಟ್ಟು ಮೂರೂ ನಿಮ್ಮ ಹೆಸರಲ್ಲೇ ಇರುತ್ತವೆಯೇ ಎಂದು ಫಂಡನ್ನೇ ಕೇಳಿ, ದಲ್ಲಾಳಿಯನ್ನಲ್ಲ. ಹಣ ಫಂಡಿನ ಖಾತೆಗೇ ಹೋಗಲಿ.

ಈಗಾಗಲೇ ಕೊಟ್ಟಾಗಿದ್ದರೆ ಚಾಟ್ ಅಳಿಸಬೇಡಿ. ಸೆಬಿಯ ಆನ್‌ಲೈನ್ ದೂರು ವ್ಯವಸ್ಥೆ ಸ್ಕೋರ್ಸ್ ನಡೆಯುವುದು ಸೆಬಿಯಲ್ಲಿ ನೋಂದಾಯಿತರು ಮತ್ತು ಷೇರುಪೇಟೆಯಲ್ಲಿರುವ ಕಂಪನಿಗಳ ಮೇಲಷ್ಟೇ. ಇಂಥ ಹುಡುಗನ ಮೇಲೆ ಪೊಲೀಸ್ ಠಾಣೆಗೇ ಹೋಗಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಕರಾರಿನ ಪ್ರತಿ ಜೊತೆಗಿರಲಿ. ಏಳೂ ಮಂದಿ ಒಂದೇ ದಿನ, ಒಟ್ಟಿಗೇ ಹೋಗಿ.