ನಿಮ್ಮ ಹೆಸರಲ್ಲಿ ಲೈಕ್ ಒತ್ತುವ ಸೇವೆಗಳು: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದು ಬೇಡ

ಸೋಶಿಯಲ್ ಮೀಡಿಯಾ ಖಾತೆಯನ್ನು ನಾವೇ ನೋಡಿಕೊಳ್ಳುತ್ತೇವೆ ಎನ್ನುವ ಆಟೊಮೇಷನ್ ಸೇವೆಗಳಲ್ಲಿ ಮೂರು ಬಗೆ: ಪೋಸ್ಟ್ ಶೆಡ್ಯೂಲ್ ಮಾಡುವವು, ಮೆಸೇಜಿಗೆ ಉತ್ತರ ಕೊಡುವವು, ಲೈಕ್-ಫಾಲೋ ಮಾಡುತ್ತ ತಿರುಗುವವು. ಮೊದಲನೆಯದಕ್ಕೆ ದುಡ್ಡು ಕೊಡಬಹುದು. ಎರಡನೆಯದರ ಮೇಲೆ ಒಂದು ಕಣ್ಣಿರಲಿ. ಮೂರನೆಯದು ಪುಕ್ಕಟೆ ಸಿಕ್ಕರೂ ಬೇಡ.

ಏಕೆಂದರೆ ಲೈಕ್ ಒತ್ತುವ ಬಾಟ್ (ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ) ಪೋಸ್ಟನ್ನು ಓದುವುದಿಲ್ಲ, ಹ್ಯಾಷ್‌ಟ್ಯಾಗ್ ನೋಡಿ ಗುಂಡಿ ಒತ್ತುತ್ತದೆ. ತೀರಿಕೊಂಡ ತಾಯಿಯ ಫೋಟೊ ಹಾಕಿದವರ ಕೆಳಗೆ ನಿಮ್ಮ ಹೆಸರಲ್ಲಿ ‘ಸೂಪರ್!’ ಎಂದು ಬಿದ್ದಿರುತ್ತದೆ. ಅಪರಿಚಿತರನ್ನು ಫಾಲೋ ಮಾಡಲು ಇನ್‌ಸ್ಟಾಗ್ರಾಂನ ಅಧಿಕೃತ ಎಪಿಐನಲ್ಲಿ (ಹೊರಗಿನ ಆ್ಯಪ್‌ಗಳಿಗೆ ಅದು ತೆರೆದಿಟ್ಟ ಬಾಗಿಲು) ದಾರಿಯೇ ಇಲ್ಲ. ಹಾಗಾಗಿ ಇವು ಪಾಸ್‌ವರ್ಡನ್ನೇ ಕೇಳುತ್ತವೆ. ಗೊತ್ತಿಲ್ಲದ ಸರ್ವರ್‌ನಿಂದ ಲಾಗಿನ್ ಆಗುತ್ತಿದ್ದಂತೆ ಖಾತೆ ಬ್ಲಾಕ್ ಆಗಬಹುದು. ಈ ಪೈಕಿ ಹೆಸರುವಾಸಿಯಾಗಿದ್ದ ಇನ್‌ಸ್ಟಾಗ್ರೆಸ್ ಕೂಡ ಇನ್‌ಸ್ಟಾಗ್ರಾಂ ಹೇಳಿದ ಮೇಲೆ 2017ರ ಏಪ್ರಿಲ್‌ನಲ್ಲಿ ಬಾಗಿಲು ಹಾಕಿತು.

ಆಟೊ-ರಿಪ್ಲೈನಲ್ಲಿ ಎಡವಟ್ಟಾಗುವುದು ಕೀವರ್ಡ್ ಸೆಟ್ಟಿಂಗ್‌ನಲ್ಲಿ. ‘ದರ’ ಎಂದು ಕೊಟ್ಟು ‘ಒಳಗೊಂಡಿದ್ದರೆ ಸಾಕು’ ಎಂಬ ಆಯ್ಕೆ ಇಟ್ಟರೆ, ‘ಆದರೆ’ ಎಂದು ಬರೆದವರಿಗೂ ದರಪಟ್ಟಿ ಹೋಗುತ್ತದೆ, ‘ಸೋದರ’ ಎಂದವರಿಗೂ ಹೋಗುತ್ತದೆ. ಕನ್ನಡದಲ್ಲಿ ಬಳಸುವವರು ಪೂರ್ತಿ ಪದ ಹೊಂದಿದರೆ ಮಾತ್ರ ಉತ್ತರ ಹೋಗುವಂತೆ ಇಡಬೇಕು. ಒಬ್ಬರಿಗೆ 24 ಗಂಟೆಯಲ್ಲಿ ಒಂದೇ ಉತ್ತರ ಎಂಬ ಮಿತಿಯೂ ಇರಲಿ. ಇಲ್ಲದಿದ್ದರೆ ಆ ಕಡೆಯೂ ಬಾಟ್ ಇದ್ದಾಗ ಎರಡೂ ರಾತ್ರಿಯಿಡೀ ಹರಟುತ್ತವೆ. ಬೇರೆಯವರು ಬರೆದದ್ದನ್ನು ಹಾಗೇ ಎತ್ತಿ ಪ್ರಕಟಿಸುವ ಉತ್ತರವಂತೂ ಬೇಡವೇ ಬೇಡ. ಅಮೆರಿಕದ ಪೇಟ್ರಿಯಟ್ಸ್ ಫುಟ್‌ಬಾಲ್ ತಂಡ 2014ರಲ್ಲಿ ಅಭಿಮಾನಿಗಳ ಯೂಸರ್‌ನೇಮನ್ನು ಜೆರ್ಸಿ ಚಿತ್ರದ ಮೇಲೆ ತಾನಾಗಿ ಮೂಡಿಸಿ ಟ್ವೀಟ್ ಮಾಡುತ್ತಿತ್ತು. ಜನಾಂಗ ನಿಂದನೆಯ ಹೆಸರೊಂದು ಹಾಗೇ ಮೂಡಿ, ತಂಡ ಕ್ಷಮೆ ಕೇಳಬೇಕಾಯಿತು.

ಶೆಡ್ಯೂಲಿಂಗ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ, ಆದರೆ ಅದಕ್ಕೂ ಮಿತಿಗಳಿವೆ. ಫೇಸ್‌ಬುಕ್‌ನ ವೈಯಕ್ತಿಕ ಪ್ರೊಫೈಲ್‌ಗೆ ಹೊರಗಿನ ಆ್ಯಪ್ ತಾನಾಗಿ ಪೋಸ್ಟ್ ಹಾಕುವುದು 2018ರ ಆಗಸ್ಟ್‌ನಲ್ಲೇ ನಿಂತಿದೆ. ಪ್ರೊಫೈಲಿಗೂ ಹಾಕಿಕೊಡುತ್ತೇವೆ ಎನ್ನುವವರನ್ನು ನಂಬಬೇಡಿ. ನಿಮ್ಮ ಪರವಾಗಿ ಪೋಸ್ಟ್ ಹಾಕಲು ಸೇವೆಗೆ ಇನ್‌ಸ್ಟಾಗ್ರಾಂ ಕೊಡುವ ಡಿಜಿಟಲ್ ಅನುಮತಿ ಚೀಟಿ, ಅಂದರೆ ದೀರ್ಘಾವಧಿ ಟೋಕನ್‌ನ ಆಯಸ್ಸು 60 ದಿನ. ಸೇವೆ ಅದನ್ನು ನವೀಕರಿಸದಿದ್ದರೆ ಪೋಸ್ಟ್‌ಗಳು ಸದ್ದಿಲ್ಲದೆ ನಿಂತುಹೋಗುತ್ತವೆ. ‘ಪೋಸ್ಟ್ ವಿಫಲ’ ಎಂಬ ಇಮೇಲ್ ಸೂಚನೆ ಆನ್ ಮಾಡಿಡಿ. ಟೈಮ್‌ಝೋನ್ ಒಮ್ಮೆ ನೋಡಿಕೊಳ್ಳಿ. ಒಂದು ವಾರಕ್ಕಿಂತ ಹೆಚ್ಚಿನ ಸರದಿ ಬೇಡ, ಎಲ್ಲವನ್ನೂ ತಡೆಹಿಡಿಯುವ ಪಾಸ್ (pause) ಬಟನ್ ಎಲ್ಲಿದೆ ಎಂದು ಮೊದಲೇ ತಿಳಿದಿರಲಿ: ದೊಡ್ಡ ದುರಂತವಾದ ದಿನವೂ ನಿಮ್ಮ ನಗೆಚಟಾಕಿ ಬೆಳಿಗ್ಗೆ 9ಕ್ಕೆ ಸರಿಯಾಗಿ ಹೊರಬೀಳುತ್ತದೆ.

ಸೇವೆ ಒಳ್ಳೆಯದಿದ್ದರೂ ಅಪಾಯ ಪೂರ್ತಿ ಹೋಗದು. 2013ರ ಅಕ್ಟೋಬರ್‌ನಲ್ಲಿ ಬಫರ್ ಎಂಬ ಶೆಡ್ಯೂಲಿಂಗ್ ಸೇವೆಗೆ ಕನ್ನ ಬಿದ್ದಾಗ ಬಳಕೆದಾರರ ಖಾತೆಗಳಿಂದ ಸ್ಪ್ಯಾಮ್ ಹೊರಟಿತ್ತು. ಸೇವೆಯನ್ನು ಬಿಡುವಾಗ ಫೋನಿನಿಂದ ಆ್ಯಪ್ ಅಳಿಸಿದರೆ ಸಾಲದು, ಕೊಟ್ಟ ಅನುಮತಿ ಹಾಗೇ ಉಳಿದಿರುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಎಕ್ಸ್ ಪ್ರತಿಯೊಂದರ ಸೆಟ್ಟಿಂಗ್ಸ್‌ನಲ್ಲೂ ಸಂಪರ್ಕಿತ ಆ್ಯಪ್‌ಗಳ ಪಟ್ಟಿ ತೆರೆದು ಅಲ್ಲಿಂದಲೇ ತೆಗೆಯಬೇಕು. ಪಾಸ್‌ವರ್ಡ್ ಕೊಟ್ಟಿದ್ದರೆ ಅದನ್ನೂ ಬದಲಾಯಿಸಿ, ಎಲ್ಲ ಸಾಧನಗಳಿಂದ ಲಾಗ್ಔಟ್ ಮಾಡಿ.