ಸ್ಟೈಲ್‌ಲಿಂಟ್: ಮೂರು ವರ್ಷ ಬಳಸಿದ ಮೇಲೆ, ಬಳ್ಳಾರಿಯಿಂದ

ನಾವು ನಾಲ್ಕು ಮಂದಿ. ಮೂವರು ಬಳ್ಳಾರಿಯ ಗಾಂಧಿನಗರದಲ್ಲಿ ಒಂದು ಮಹಡಿ ಕೋಣೆಯಲ್ಲಿ ಕೂರುತ್ತೇವೆ, ಒಬ್ಬಳು ರಾಯಚೂರಿನ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಜೀನ್ಸ್ ಹೊಲಿಸುವವರು, ಗಂಗಾವತಿ ಕಡೆಯ ಅಕ್ಕಿ ಗಿರಣಿಯವರು, ಕಿನ್ನಾಳದ ಗೊಂಬೆ ಮಾರುವವರು, ಇಂಥವರಿಗೆ ವೆಬ್‌ಸೈಟ್ ಮಾಡಿಕೊಡುವುದು ನಮ್ಮ ಕಸುಬು. 2022ರವರೆಗೂ ನಮ್ಮ ಸಿಎಸ್ಎಸ್ ಫೈಲ್ (ಪುಟದ ಬಣ್ಣ, ಅಕ್ಷರ, ಅಂತರ ಹೇಳುವ ಫೈಲ್) ತೆರೆದ ಕೂಡಲೇ ಯಾವ ಸಾಲು ಯಾರದು ಅಂತ ಹೇಳಬಹುದಿತ್ತು. ಒಬ್ಬರು ಕ್ಲಾಸ್ ಹೆಸರಿಗೆ ಅಂಡರ್‌ಸ್ಕೋರ್ ಹಾಕಿದರೆ ಇನ್ನೊಬ್ಬರು ಅಡ್ಡಗೆರೆ. ಒಂದೇ ಬ್ಲಾಕಿನಲ್ಲಿ ಒಂದೇ ಪ್ರಾಪರ್ಟಿ ಎರಡು ಸಲ. ಪ್ರತಿ ಪುಲ್ ರಿಕ್ವೆಸ್ಟ್‌ನಲ್ಲೂ (ಕೋಡ್ ಸೇರಿಸುವ ಮುನ್ನ ಪರಸ್ಪರ ನೋಡುವ ಹಂತ) ಇದೇ ತಕರಾರು.

ಆಗ ಹಾಕಿಕೊಂಡದ್ದು ಸ್ಟೈಲ್‌ಲಿಂಟ್, ಸಿಎಸ್ಎಸ್ ಓದಿ ತಪ್ಪು ತೋರಿಸುವ ಟೂಲ್. ಉಚಿತ, ಓಪನ್ ಸೋರ್ಸ್, ನೂರಕ್ಕೂ ಹೆಚ್ಚು ನಿಯಮಗಳು ಅದರಲ್ಲೇ ಇವೆ. ಮೊದಲ ಮೂರು ತಿಂಗಳು ಪ್ರತಿ ಪ್ರಾಜೆಕ್ಟ್‌ಗೂ ಯಾವ ನಿಯಮ ಬೇಕು ಅಂತ ಹೇಳುವ ಕಾನ್ಫಿಗ್ ಫೈಲನ್ನು ಕಾಪಿ ಮಾಡಿ ಇಟ್ಟೆವು. ಅದು ದೊಡ್ಡ ತಪ್ಪು. ಆರು ಸೈಟ್‌ಗಳಲ್ಲಿ ಆರು ನಮೂನೆಯ ಕಾನ್ಫಿಗ್ ಆಗಿ, ಮತ್ತೆ ಮೊದಲಿನ ಗೊಂದಲವೇ ಬಂತು. ಕೊನೆಗೆ ಕಾನ್ಫಿಗ್‌ಗೇ ಒಂದು ಬೇರೆ ರೆಪೊ (ಕೋಡ್ ಇಡುವ ಜಾಗ) ಮಾಡಿದೆವು. ಒಳಗೆ ಇರುವುದು ಒಂದು ಪ್ಯಾಕೇಜ್ ಫೈಲ್, ಒಂದು ಇಂಡೆಕ್ಸ್ ಫೈಲ್, ಅಷ್ಟೇ. ಅದು ‘ಸ್ಟ್ಯಾಂಡರ್ಡ್ ಎಸ್‌ಸಿಎಸ್ಎಸ್’ ಅನ್ನುವ ಸಿದ್ಧ ಕಾನ್ಫಿಗ್ಅನ್ನು (ಎಸ್‌ಸಿಎಸ್ಎಸ್ ಅಂದರೆ ಸಿಎಸ್ಎಸ್‌ನ ವಿಸ್ತೃತ ರೂಪ) ಎಕ್ಸ್‌ಟೆಂಡ್ ಮಾಡಿ, ಅಂದರೆ ಆಧಾರವಾಗಿಟ್ಟುಕೊಂಡು, ಅದರ ಮೇಲೆ ನಮ್ಮ ನಿಯಮಗಳನ್ನು ಸೇರಿಸುತ್ತದೆ. ಸೈಟ್‌ಗಳಲ್ಲಿ ಇರುವುದು ಒಂದೇ ಸಾಲು: ಇದನ್ನು ಎಕ್ಸ್‌ಟೆಂಡ್ ಮಾಡು. ಗಿಟ್‌ನ ಟ್ಯಾಗ್ (ಆವೃತ್ತಿಯ ಗುರುತು) ಹಿಡಿದು ಇನ್‌ಸ್ಟಾಲ್ ಮಾಡುತ್ತೇವೆ, ಹಾಗಾಗಿ ನಿಯಮ ಬದಲಾದರೂ ಹಳೆಯ ಸೈಟ್ ಒಮ್ಮೆಲೇ ಕೆಡುವುದಿಲ್ಲ. ಒಂದು ಮಾತು ನೆನಪಿಡಿ: ಪ್ಲಗಿನ್‌ಗಳನ್ನು (ಹೆಚ್ಚುವರಿ ನಿಯಮ ತರುವ ತುಣುಕುಗಳು) ಆ ಪ್ಯಾಕೇಜಿನ ‘ಡಿಪೆಂಡೆನ್ಸೀಸ್’ನಲ್ಲೇ (ಜತೆಗೇ ಇನ್‌ಸ್ಟಾಲ್ ಆಗುವವುಗಳ ಪಟ್ಟಿ) ಇಡಿ, ಸ್ಟೈಲ್‌ಲಿಂಟ್ ಮಾತ್ರ ‘ಪಿಯರ್’ (ಸೈಟ್ ತಾನೇ ತರಬೇಕಾದದ್ದು) ಆಗಿರಲಿ.

ನನಗೆ ಇದು ಬಹಳ ಇಷ್ಟವಾದದ್ದು ಕನ್ನಡದ ಕಾರಣಕ್ಕೆ. ನಮ್ಮ ಸೈಟ್‌ಗಳ ತಲೆಬರಹವೆಲ್ಲ ಕನ್ನಡದಲ್ಲಿ. ಇಂಗ್ಲಿಷ್ ಟೆಂಪ್ಲೇಟ್‌ನಿಂದ ಲೈನ್-ಹೈಟ್ (ಸಾಲಿನ ಎತ್ತರ) 1.1 ಅಂತ ಬಂದುಬಿಟ್ಟರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ, ಓವರ್‌ಫ್ಲೋ ಹಿಡನ್ (ಹೊರಚಾಚಿದ್ದನ್ನು ಮರೆಮಾಡುವ ಆಯ್ಕೆ) ಇದ್ದಲ್ಲಿ ಅರ್ಧಕ್ಕೆ ಕತ್ತರಿಸಿಹೋಗುತ್ತವೆ. ‘ಅಕ್ಕಿ’ ಅನ್ನುವ ಪದದ ಒತ್ತೇ ಮಾಯವಾಗಿದ್ದನ್ನು ಗಿರಣಿಯ ಯಜಮಾನರು ಫೋನ್ ಮಾಡಿ ಹೇಳಿದಾಗ ನನಗೆ ನಾಚಿಕೆಯಾಗಿತ್ತು. ಲೆಟರ್-ಸ್ಪೇಸಿಂಗ್ (ಅಕ್ಷರಗಳ ನಡುವಿನ ಅಂತರ) ಕೊಟ್ಟರೆ ಕನ್ನಡದ ಪದ ಬಿಡಿಬಿಡಿಯಾಗಿ ಕಾಣುತ್ತದೆ. ಹೀಗಾಗಿ ಲೈನ್-ಹೈಟ್ 1.4ಕ್ಕಿಂತ ಕಡಿಮೆ ಬೇಡ, ಲೆಟರ್-ಸ್ಪೇಸಿಂಗ್ ಬೇಡವೇ ಬೇಡ ಅಂತ ಎರಡು ನಿಯಮ ಬರೆದೆವು. ‘ಡಿಸ್‌ಅಲೌಡ್ ಲಿಸ್ಟ್’ (ಬೇಡದವುಗಳ ಪಟ್ಟಿ) ನಿಯಮಗಳಿಂದ ಇದು ಐದು ನಿಮಿಷದ ಕೆಲಸ. ನಿಯಮದ ‘ಮೆಸೇಜ್’ ಆಯ್ಕೆಯಲ್ಲಿ ನಮ್ಮದೇ ಸಂದೇಶ ಹಾಕಬಹುದು, ನಾವು ಕನ್ನಡದಲ್ಲೇ ಹಾಕಿದ್ದೇವೆ: ‘ಒತ್ತು ಕತ್ತರಿಸುತ್ತೆ, 1.5 ಕೊಡಿ’. ಫಾಂಟ್ ಪಟ್ಟಿಯ ಕೊನೆಗೆ ಸಾನ್ಸ್-ಸೆರಿಫ್‌ನಂಥ ಸಾಮಾನ್ಯ ಹೆಸರು ಮರೆತರೆ ಎಚ್ಚರಿಸುವ ನಿಯಮ ಅದರಲ್ಲೇ ಇದೆ. ನೋಟೋ ಸಾನ್ಸ್ ಕನ್ನಡ ಫಾಂಟ್ ಲೋಡ್ ಆಗದ ಫೋನ್‌ಗಳಲ್ಲಿ ಅದು ಕೈ ಹಿಡಿಯುತ್ತದೆ.

ತೊಂದರೆಗಳೂ ಇವೆ. ನಾವು ಶುರು ಮಾಡಿದ್ದು 14ನೇ ಆವೃತ್ತಿಯಲ್ಲಿ. 2023ರ ಫೆಬ್ರವರಿಯಲ್ಲಿ ಬಂದ 15ರಲ್ಲಿ ಇಂಡೆಂಟ್, ಖಾಲಿ ಜಾಗ, ಅಲ್ಪವಿರಾಮದಂಥ 76 ನಿಯಮಗಳನ್ನು ಬಳಸಬೇಡಿ ಅಂದರು. ಡಿಸೆಂಬರ್‌ನ 16ರಲ್ಲಿ ಅವನ್ನು ತೆಗೆದೇಬಿಟ್ಟರು. ಅಂದಗೊಳಿಸುವ ಕೆಲಸ ಪ್ರೆಟಿಯರ್‌ನಂಥ ಟೂಲ್‌ಗಳದು ಅನ್ನುವ ಅವರ ಮಾತು ಸರಿಯೇ, ಆದರೆ ನಮ್ಮ ಅರ್ಧ ಕಾನ್ಫಿಗ್ ಅದೇ ಆಗಿತ್ತು. ಒಂದು ಶನಿವಾರ ಪೂರ್ತಿ ಕೂತು ತೆಗೆದೆವು. 16ಕ್ಕೆ ನೋಡ್ (ಸ್ಟೈಲ್‌ಲಿಂಟ್ ಓಡಲು ಬೇಕಾದ ತಂತ್ರಾಂಶ) 18.12 ಅಥವಾ ಮೇಲಿನದು ಬೇಕು, ರಾಯಚೂರಿನ ಲ್ಯಾಪ್‌ಟಾಪ್‌ನಲ್ಲಿ ಹಳೆಯದಿದ್ದು ಅಲ್ಲಿ ಓಡಲೇ ಇಲ್ಲ. ನಾವು ಕೋಡ್ ಬರೆಯುವ ವಿಎಸ್ ಕೋಡ್‌ನ ಸ್ಟೈಲ್‌ಲಿಂಟ್ ಎಕ್ಸ್‌ಟೆನ್ಶನ್ ಆಗ ಎಸ್‌ಸಿಎಸ್ಎಸ್ ಫೈಲ್‌ಗಳನ್ನು ತಾನಾಗಿ ನೋಡುತ್ತಿರಲಿಲ್ಲ. ಸೆಟ್ಟಿಂಗ್‌ನಲ್ಲಿ ಸೇರಿಸಬೇಕೆಂದು ತಿಳಿಯುವ ಹೊತ್ತಿಗೆ ಎರಡು ವಾರ ಹೋಗಿತ್ತು.

ಹಳೆಯ ಸೈಟ್ ಮೇಲೆ ಓಡಿಸುವಾಗ ಹುಷಾರು. ಮೊದಲ ದಿನವೇ ಸಾವಿರಕ್ಕೂ ಹೆಚ್ಚು ತಪ್ಪುಗಳು ಕಂಡವು. ಹೆದರಬೇಡಿ. ತಪ್ಪಿನ ತೀವ್ರತೆ ಹೇಳುವ ‘ಡಿಫಾಲ್ಟ್ ಸಿವಿಯರಿಟಿ’ಯನ್ನು ವಾರ್ನಿಂಗ್‌ಗೆ ಇಳಿಸಿ. ತಪ್ಪುಗಳನ್ನು ತಾನೇ ತಿದ್ದುವ ‘ಫಿಕ್ಸ್’ ಓಡಿಸಿದ ಬದಲಾವಣೆಯನ್ನು ಬೇರೆಯಾಗಿ ಕಮಿಟ್ ಮಾಡಿ (ಗಿಟ್‌ನಲ್ಲಿ ದಾಖಲಿಸಿ), ಬೇರೆ ಕೆಲಸದೊಂದಿಗೆ ಬೆರೆಸಬೇಡಿ. ಬೆರೆಸಿದ್ದಕ್ಕೆ ನಮಗೆ ಒಂದು ಬಗ್ ಹುಡುಕಲು ಇಡೀ ದಿನ ಹಿಡಿಯಿತು. ಸೆಲೆಕ್ಟರ್‌ಗಳ (ಪುಟದ ಯಾವ ಭಾಗಕ್ಕೆ ಶೈಲಿ ಅಂತ ಹೇಳುವ ಹೆಸರುಗಳ) ಕ್ರಮ ನೋಡುವ ‘ನೋ-ಡಿಸೆಂಡಿಂಗ್-ಸ್ಪೆಸಿಫಿಸಿಟಿ’ ನಿಯಮವನ್ನು ನಾವು ಆಫ್ ಮಾಡಿದ್ದೇವೆ, ಹಳೆಯ ಕೋಡ್‌ನಲ್ಲಿ ಅದರಿಂದ ಉಪಯೋಗಕ್ಕಿಂತ ಕಿರಿಕಿರಿಯೇ ಹೆಚ್ಚು. ನಿಯಮ ಮೀರಲೇಬೇಕಾದಲ್ಲಿ ‘ಡಿಸೇಬಲ್’ ಕಾಮೆಂಟ್ ಜತೆ ಕಾರಣವನ್ನೂ ಬರೆಯಬೇಕು ಅನ್ನುವುದು ನಮ್ಮ ಕಟ್ಟುನಿಟ್ಟು.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಒಬ್ಬರೇ ಒಂದೇ ಸೈಟ್ ಮಾಡುವವರಾದರೆ ಬೇರೆ ರೆಪೊ ಬೇಕಿಲ್ಲ, ಸ್ಟ್ಯಾಂಡರ್ಡ್ ಕಾನ್ಫಿಗ್ ಸಾಕು. ಕನ್ನಡದ ಸೈಟ್ ಮಾಡುವವರು ಮಾತ್ರ ಆ ಲೈನ್-ಹೈಟ್ ನಿಯಮವನ್ನು ಇವತ್ತೇ ಸೇರಿಸಿಕೊಳ್ಳಿ.